ಗ್ರೀಸ್ ಡಬ್ಬಿಯ ವಾಲ್ವುಗಳು

ಸಿಂದಗಿಯ ಗ್ಯಾರೇಜೊಂದರ ಮೂಲೆಯಲ್ಲಿ ಹಳೆಯ ಗ್ರೀಸ್ ಡಬ್ಬಿಯೊಂದಿದೆ. ಅದರ ತುಂಬ ಟ್ರ್ಯಾಕ್ಟರುಗಳಿಂದ ಕಿತ್ತ ಥರ್ಮೋಸ್ಟಾಟ್ ವಾಲ್ವುಗಳು. ‘ನಮ್ಮ ಬಿಸಲಿಗೆ ಇದು ಬ್ಯಾಡ್ರಿ ಸಾಹೇಬ್ರ, ತಗದ ಒಗದ್ರ ಗಾಡಿ ತಂಪ ಇರ್ತದ’ ಎಂದ ಮಿಸ್ತ್ರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆಯಲ್ಲಿ ಈ ಮಾತಿಗೆ ತಲೆಯಾಡಿಸದವರು ಕಡಿಮೆ. ನಾನು ಆಡಿಸಲಿಲ್ಲ.

ಕಾಯುವ ಚಿಂತೆ ಹೆಚ್ಚಿರುವುದು ಜೋರು ಗಾಡಿಗೆ. ಜೋರು ಗಾಡಿ ಅಂದರೆ ಬೇರೆಯವರಿಗೆ ರೇಸ್ ಕಾರು ನೆನಪಾದೀತು. ನಮ್ಮಲ್ಲಿ ಅದು ಪಂಪಿನ ಸ್ಕ್ರೂ ತಿರುವಿಸಿ ಡೀಸೆಲ್ ಹೆಚ್ಚಿಸಿಕೊಂಡು, ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಇಂಡಿ ತಾಲ್ಲೂಕಿನ ಮರಗೂರ ಕಾರ್ಖಾನೆಗೆ ಹೊರಟ 50 ಎಚ್‌ಪಿ ಟ್ರ್ಯಾಕ್ಟರ್. ಹೊರೆ ವಿಪರೀತ, ನಡಿಗೆ ನಿಧಾನ. ಓಟದ ಗಾಳಿಯ ನೆರವಿಲ್ಲ, ಇರುವುದು ಫ್ಯಾನ್ ಒಂದೇ. ಕಾಯದೆ ಏನಾದೀತು? ಆದರೆ ಆ ಕಾವಿಗೆ ವಾಲ್ವು ಹೊಣೆಯೇ?

ವಾಲ್ವಿನೊಳಗೆ ಪುಟ್ಟ ಗುಂಡಿ, ಅದರಲ್ಲಿ ಮೇಣ. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆಟ್ ರೂಪಿಸಿದ ಉಪಾಯವಿದು. ಮೇಣ ಕರಗಿ ಹಿಗ್ಗಿ ಕಡ್ಡಿಯನ್ನು ದೂಡಿದರೆ ಬಾಗಿಲು ತೆರೆದು ನೀರು ರೇಡಿಯೇಟರಿಗೆ ಇಳಿಯುತ್ತದೆ. ವಾಲ್ವಿನ ಮೈಮೇಲೆ 82 ಡಿಗ್ರಿ ಎಂದಿದ್ದರೆ ಅಲ್ಲಿ ತೆರೆಯಲು ಶುರು, ಪೂರ್ತಿ ತೆರೆಯುವುದು 95ರ ಸುಮಾರಿಗೆ.

‘71ರದ್ದು ಹಾಕಿದರೆ ಹೇಗೆ?’ ಎಂದು ಕೇಳುವವರು ಬಹಳ. ಎಂಜಿನ್ 100 ಮುಟ್ಟುವ ಹೊತ್ತಿಗೆ ಎರಡರ ಬಾಗಿಲೂ ಹಾರು ಹೊಡೆದಿರುತ್ತದೆ. ಅಲ್ಲಿಂದಾಚೆ ರೇಡಿಯೇಟರಿನ ಪಾಡು. ಥರ್ಮೋಸ್ಟಾಟ್ ಹಿಡಿದಿಡುವುದು ಕೆಳಗಿನ ಮಿತಿಯನ್ನು, ಮೇಲಿನದನ್ನಲ್ಲ. ಜಾತ್ರೆಯ ಜಗ್ಗುವ ಪಂದ್ಯದಂಥ ಎರಡು ನಿಮಿಷದ ಆಟಕ್ಕೆ 71ರಿಂದ ತುಸು ಲಾಭವಿದ್ದೀತು, ತಂಪಿನಿಂದ ಹೊರಟರೆ ಕಾಯಲು ಅಷ್ಟು ಹೊತ್ತು ಹೆಚ್ಚು ಬೇಕಲ್ಲ. ದಿನವಿಡೀ ಕಬ್ಬು ಎಳೆಯುವ ಗಾಡಿಗೆ ಅದು ನಷ್ಟದ ಬಾಬತ್ತು. ತಣ್ಣಗಿನ ಎಂಜಿನಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಲೈನರಿನ ಆಯಿಲ್ ತೊಳೆದುಹೋಗಿ ಸವೆತ ಹೆಚ್ಚುತ್ತದೆ.

ಕಿತ್ತೊಗೆಯುವುದಂತೂ ಇನ್ನೂ ಕೆಟ್ಟದ್ದು. ಹಲವು ಎಂಜಿನುಗಳಲ್ಲಿ ಇದೇ ವಾಲ್ವಿನ ಬುಡದ ತಟ್ಟೆ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಕಾದ ನೀರಿನ ಒಂದು ಪಾಲು ರೇಡಿಯೇಟರಿನ ಮುಖ ನೋಡದೆ ಮತ್ತೆ ಎಂಜಿನಿಗೇ ಹೊರಳುತ್ತದೆ. ತಂಪಿಗೆಂದು ತೆಗೆದದ್ದೇ ಕಾಯಿಸುತ್ತದೆ. (ಗಾಳಿಯಿಂದಲೇ ತಂಪಾಗುವ ಹಳೆಯ ಐಷರ್ ಇಟ್ಟವರಿಗೆ ಈ ತಲೆಬೇನೆಯೇ ಇಲ್ಲ.)

ನನ್ನ ಆಯ್ಕೆ ಕಂಪನಿ ಬರೆದ ಅಂಕಿಯದ್ದೇ. ವಾಲ್ವಿನ ಅಂಚಿನ ತಟ್ಟೆಯಲ್ಲಿ ಗಾಳಿ ಬಿಡುವ ಅಲುಗಾಡುವ ಪಿನ್ ಇರಲಿ, ಕೂಡಿಸುವಾಗ ಅದು ಮೇಲ್ಭಾಗಕ್ಕೆ ಬರಲಿ. ಗ್ಯಾಸ್ಕೆಟ್ ಹೊಸದಾಗಿರಲಿ. ಉಳಿದ ದುಡ್ಡನ್ನು ನೀರಿಗೆ ಹಾಕುತ್ತೇನೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಡೋಣಿ ಹೊಳೆಯ ನೀರೇ ಉಪ್ಪು. ಅಂಥ ನೀರನ್ನೋ ಗಡಸು ಬೋರಿನ ನೀರನ್ನೋ ಸುರಿದರೆ ರೇಡಿಯೇಟರಿನ ಕೊಳವೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಕೂಲಂಟ್ ಬೆರೆಸಿ ಹಾಕಿರಿ. ಮುಚ್ಚಳದ ರಬ್ಬರನ್ನೂ ನೋಡಿರಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನಮ್ಮ ನೆಲದಲ್ಲಿ ತೆರೆದ ನೀರು 98ಕ್ಕೇ ಕುದಿಯುತ್ತದೆ, ಒತ್ತಡ ಹಿಡಿಯುವ ಮುಚ್ಚಳವಿದ್ದರಷ್ಟೇ ಅದು 110 ದಾಟಿಯೂ ತಡೆದೀತು.

ಮಿಸ್ತ್ರಿ ನಂಬಲಿಲ್ಲ. ಡಬ್ಬಿಯಿಂದ ಐದು ವಾಲ್ವು ಆರಿಸಿ, ದಾರ ಕಟ್ಟಿ, ಥರ್ಮಾಮೀಟರ್ ಸಮೇತ ಅವನ ಚಹಾದ ಪಾತೇಲಿಗೆ ಇಳಿಬಿಟ್ಟೆವು. ನಾಲ್ಕು ತಮ್ಮ ಅಂಕಿಗೆ ಸರಿಯಾಗಿ ಬಾಯಿ ಬಿಟ್ಟವು. ಐದನೆಯದು ಕುದಿಯುವ ನೀರಲ್ಲೂ ಹಲ್ಲು ಕಚ್ಚಿಕೊಂಡೇ ಇತ್ತು.

‘ಹಂಗಾದ್ರ ಈ ನಾಕ ಸುಮ್ನ ಕಿತ್ತೇನ್ರಿ?’ ಎಂದ. ಅಂದಿನ ಚಹಾ ಪಕ್ಕದ ಹೋಟೆಲಿನಿಂದ ಬಂತು.