ಕಾದಂಬರಿಯ ಮೊದಲ ಕರಡೂ ಉತ್ಸಾಹದ ಸ್ಥೈರ್ಯವೂ

ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೀರ್ಘವಾದ ಗದ್ಯಕಥೆಗೆ ‘ಕಾದಂಬರಿ’ ಎಂಬ ಹೆಸರು ನಿಂತಿದೆ. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದಿಂದ ಬಂದ ಹೆಸರಿದು. ಆ ಗ್ರಂಥವಾದರೋ ಮೂಲಕರ್ತೃವಿನ ಕೈಯಲ್ಲಿ ಮುಗಿಯಲಿಲ್ಲ. ಪೂರ್ವಭಾಗವನ್ನು ಬರೆದು ಬಾಣನು ತೀರಿಕೊಳ್ಳಲು, ಅವನ ಮಗನಾದ ಭೂಷಣಭಟ್ಟನು ಉತ್ತರಭಾಗವನ್ನು ರಚಿಸಿ ಕಥೆಯನ್ನು ದಡಮುಟ್ಟಿಸಿದನು. ಬಾಣನನ್ನು ತಡೆದದ್ದು ಮೃತ್ಯುವೇ ಹೊರತು ಬೇಸರವಲ್ಲ. ಇಂದು ಅರ್ಧದಲ್ಲಿ ನಿಂತುಹೋಗುವ ಕಾದಂಬರಿಗಳ ಸ್ಥಿತಿ ಹಾಗಲ್ಲ. ಅವುಗಳ ಕರ್ತೃಗಳು ಸುಖವಾಗಿ ಬದುಕಿರುತ್ತಾರೆ. ನಾಲ್ಕೈದು ಪ್ರಕರಣಗಳವರೆಗೆ ಲೇಖನಿ ಓಡುತ್ತದೆ. ಆಮೇಲೆ ಕಥೆ ಸಪ್ಪೆಯಾಗಿ ತೋರುತ್ತದೆ. ಕೊನೆಗೆ ಹಾಳೆಗಳು ಪೆಟ್ಟಿಗೆಯನ್ನು ಸೇರುತ್ತವೆ. ಅವುಗಳಿಗೆ ಯಾವ ಭೂಷಣಭಟ್ಟನೂ ಒದಗುವುದಿಲ್ಲ.

ಇಂಥ ಲೇಖಕರ ವಿಷಯದಲ್ಲಿ ಲೋಕವು ಸಾಮಾನ್ಯವಾಗಿ ಕೊಡುವ ತೀರ್ಪು ‘ಪ್ರತಿಭೆ ಸಾಲದು’ ಎಂಬುದು. ಲೇಖಕರೂ ಅದನ್ನು ಬೇಗನೆ ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಈ ತೀರ್ಪು ನ್ಯಾಯವಾದುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ದಂಡಿಯು ಕಾವ್ಯಕ್ಕೆ ಕಾರಣವಾಗಿ ಸಹಜಪ್ರತಿಭೆ, ನಿರ್ಮಲವಾದ ಶಾಸ್ತ್ರಜ್ಞಾನ, ಎಡೆಬಿಡದ ಅಭಿಯೋಗ ಈ ಮೂರನ್ನೂ ಹೇಳಿದ್ದಾನೆ. ಅಷ್ಟೇ ಅಲ್ಲ, ಪ್ರತಿಭೆಯು ಅದ್ಭುತವಾಗಿಲ್ಲದಿದ್ದರೂ ಓದಿನಿಂದಲೂ ಪ್ರಯತ್ನದಿಂದಲೂ ಸೇವಿಸಿದವನಿಗೆ ವಾಗ್ದೇವಿಯು ಏನಾದರೂ ಅನುಗ್ರಹವನ್ನು ಮಾಡಿಯೇ ಮಾಡುವಳೆಂದು ಧೈರ್ಯವನ್ನೂ ಕೊಟ್ಟಿದ್ದಾನೆ. ಮಮ್ಮಟನೂ ಶಕ್ತಿ ನಿಪುಣತೆಗಳೊಡನೆ ಅಭ್ಯಾಸವನ್ನು ಸೇರಿಸಿ, ಮೂರೂ ಕೂಡಿಯೇ ಕಾರಣವೆಂದಿದ್ದಾನೆ. ಹೀಗಿರುವಲ್ಲಿ ಕೃತಿಯು ನಿಂತುಹೋದೊಡನೆ ದೋಷವನ್ನೆಲ್ಲ ಪ್ರತಿಭೆಯ ಮೇಲೆ ಹೊರಿಸುವುದು ಆತುರದ ವಿಚಾರವಾದೀತು. ಮೂರು ಕಾಲಿನ ಮಣೆ ವಾಲಿದರೆ ಮೂರನ್ನೂ ನೋಡಬೇಕಲ್ಲವೆ?

ಅಭಿಯೋಗವನ್ನು ಉಳಿಸಿಕೊಳ್ಳುವ ಬಗೆಯನ್ನು ವಿವರವಾಗಿ ಹೇಳಿದವನು ರಾಜಶೇಖರ. ಕ್ರಿಸ್ತಶಕ 900ರ ಸುಮಾರಿನಲ್ಲಿ ಕನ್ಯಾಕುಬ್ಜದ ಪ್ರತೀಹಾರರ ಆಸ್ಥಾನದಲ್ಲಿದ್ದ ಈತನ ‘ಕಾವ್ಯಮೀಮಾಂಸೆ’ಯು 1916ರಲ್ಲಿ ಬಡೋದೆಯ ಗಾಯಕವಾಡ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಅದರ ಹತ್ತನೆಯ ಅಧ್ಯಾಯದಲ್ಲಿ ಕವಿಚರ್ಯೆಯ ನಿರೂಪಣೆಯಿದೆ. ಹೊತ್ತು ಗೊತ್ತಿಲ್ಲದ ಕೆಲಸಗಳು ಕೆಟ್ಟುಹೋಗುವುವಾದ್ದರಿಂದ ಹಗಲನ್ನೂ ಇರುಳನ್ನೂ ನಾಲ್ಕು ನಾಲ್ಕು ಯಾಮಗಳಾಗಿ ಹಂಚಿಕೊಳ್ಳಬೇಕೆಂಬುದು ಅವನ ಮೊದಲ ನಿಯಮ. ಹಗಲಿನ ಮೊದಲ ಯಾಮ ಅಧ್ಯಯನಕ್ಕೆ, ಎರಡನೆಯದು ರಚನೆಗೆ, ಭೋಜನಾನಂತರದ ಮೂರನೆಯದು ಕಾವ್ಯಗೋಷ್ಠಿಗೆ, ನಾಲ್ಕನೆಯದು ಬೆಳಗ್ಗೆ ಬರೆದುದರ ಪರೀಕ್ಷೆಗೆ. ಈ ಪರೀಕ್ಷೆಗೆ ಬೇರೆ ಹೊತ್ತು ಏಕೆಂಬುದಕ್ಕೆ ಅವನು ಕೊಡುವ ಕಾರಣವು ಮನನೀಯವಾಗಿದೆ: ರಸಾವೇಶದಲ್ಲಿ ಬರೆಯುತ್ತಿರುವವನಿಗೆ ವಿವೇಚಿಸುವ ಕಣ್ಣು ಇರುವುದಿಲ್ಲ.

ಕರಡನ್ನು ಬರೆಯುವವರಿಗೆ ಇದಕ್ಕಿಂತ ಉಪಯುಕ್ತವಾದ ಮಾತು ದುರ್ಲಭ. ಬರೆಯುವುದೂ ತಿದ್ದುವುದೂ ಎರಡು ಅಧಿಕಾರಗಳು. ಒಂದೇ ಹೊತ್ತಿನಲ್ಲಿ ಒಬ್ಬನೇ ಎರಡನ್ನೂ ನಡೆಸಹೋದರೆ ಎರಡೂ ಕೆಡುತ್ತವೆ. ಒಂದು ವಾಕ್ಯವನ್ನು ಬರೆದು ಅದನ್ನೇ ಹತ್ತು ಸಲ ಒರೆಗೆ ಹಚ್ಚುತ್ತ ಕುಳಿತವನು ಎರಡನೆಯ ಪ್ರಕರಣವನ್ನು ಕಾಣುವುದಿಲ್ಲ. ಪ್ರಬಂಧನಾಶಕ್ಕೆ ಕಾರಣಗಳನ್ನು ಎಣಿಸುವಾಗ ರಾಜಶೇಖರನು ಬೆಂಕಿ, ನೀರು, ದೇಶಕ್ಷೋಭೆ ಮೊದಲಾದವುಗಳೊಡನೆ ಕರ್ತೃವಿನ ವ್ಯಾಕುಲತೆಯನ್ನೂ ಸೇರಿಸಿದ್ದಾನೆ. ಮುಂದೆ ಮುಗಿಸಿದರಾಯಿತು, ಮುಂದೆ ತಿದ್ದಿದರಾಯಿತು, ಗೆಳೆಯರೊಡನೆ ವಿಚಾರಿಸಿ ನೋಡಿದರಾಯಿತು ಎಂಬ ಮನಸ್ಸೇ ಆ ವ್ಯಾಕುಲತೆ. ತಿದ್ದುವುದನ್ನೂ ಗೋಷ್ಠಿಯನ್ನೂ ದಿನಚರಿಯಲ್ಲಿ ತಾನೇ ವಿಧಿಸಿದವನು ಇಲ್ಲಿ ಅವನ್ನೇ ನಾಶಹೇತುವೆಂದುದು ವಿರೋಧವೆಂದು ತೋರಬಹುದು, ಆದರೆ ವಿರೋಧವಿಲ್ಲ. ತನ್ನ ಹೊತ್ತಿನಲ್ಲಿ ನಡೆದಾಗ ತಿದ್ದುಪಡಿ ಗುಣ. ಬರೆಯಬೇಕಾದ ಹೊತ್ತಿನಲ್ಲಿ ಬಂದಾಗ ಅದೇ ನೆಪ. ಅರ್ಧ ಬರೆದುದನ್ನು ಯಾರ ಮುಂದೆಯೂ ಓದಬಾರದು, ಓದಿದರೆ ಮುಗಿಯದಿರುವುದೇ ಫಲ ಎಂದೂ ಅವನು ಎಚ್ಚರಿಸಿದ್ದಾನೆ. ಅರ್ಧಕೃತಿಗೆ ದೊರೆತ ಹೊಗಳಿಕೆಯು ಮುಗಿಸಿದ ತೃಪ್ತಿಯನ್ನು ಮುಂಗಡವಾಗಿ ಕೊಟ್ಟುಬಿಡುತ್ತದೆ. ತೆಗಳಿಕೆಯು ಕೈಯನ್ನೇ ಕಟ್ಟುತ್ತದೆ. ಯಾವುದಾದರೂ ನಷ್ಟವೇ.

ಇವೆಲ್ಲ ರಾಜಾಶ್ರಯವೂ ಪರಿಚಾರಕರೂ ಉಪವನವೂ ಇದ್ದ ಕವಿಗಳಿಗೆ ಸರಿ, ಕಚೇರಿಗೆ ಹೋಗುವವರಿಗೆ ಹೇಗೆ ಎಂದು ಆಕ್ಷೇಪಿಸುವವರುಂಟು. ರಾಜಶೇಖರನು ಅವರನ್ನು ಮರೆತಿಲ್ಲ. ಸೇವಾವೃತ್ತಿಗೆ ಬಾಧೆ ಬಾರದಂತೆ ಉಳಿದ ಹೊತ್ತಿನಲ್ಲಿ ಬರೆಯುವವನಿಗೆ ‘ದತ್ತಾವಸರ’ನೆಂದು ಹೆಸರಿಟ್ಟು, ಇರುಳಿನ ಕಡೆಯ ಅರ್ಧಯಾಮವಾದ ಸಾರಸ್ವತಮುಹೂರ್ತವನ್ನೂ, ಊಟದ ಅನಂತರದ ಹೊತ್ತನ್ನೂ, ಪಲ್ಲಕ್ಕಿಯ ಪ್ರಯಾಣಕಾಲವನ್ನೂ ಅವನಿಗೆ ಗೊತ್ತುಮಾಡಿದ್ದಾನೆ.

ಈ ಲಕ್ಷಣಕ್ಕೆ ಲಕ್ಷ್ಯವೋ ಎಂಬಂತೆ ಬಾಳಿದವನು ಆಂಗ್ಲ ಕಾದಂಬರಿಕಾರ ಆಂತೊನಿ ಟ್ರಾಲಪ್ (1815–1882). 1834ರಿಂದ 1867ರವರೆಗೆ ಅಂಚೆಯ ಇಲಾಖೆಯಲ್ಲಿ ದುಡಿಯುತ್ತಲೇ ಬರೆದು, ಆಯುಷ್ಯದಲ್ಲಿ ಒಟ್ಟು 47 ಕಾದಂಬರಿಗಳನ್ನು ರಚಿಸಿದನು. ಬೆಳಗಿನ 5½ ಘಂಟೆಗೆ ಅವನು ಮೇಜಿನ ಮುಂದೆ ಕುಳಿತಿರುತ್ತಿದ್ದನು. ಎಬ್ಬಿಸುವುದಕ್ಕಾಗಿ ಮುದಿ ಆಳೊಬ್ಬನಿಗೆ ವರ್ಷಕ್ಕೆ 5 ಪೌಂಡು ಹೆಚ್ಚಾಗಿ ಕೊಡುತ್ತಿದ್ದನು. ಮೊದಲ ಅರ್ಧ ಘಂಟೆ ಹಿಂದಿನ ದಿನ ಬರೆದುದನ್ನು ಓದುವುದು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲುಘಂಟೆಗೆ 250 ಪದಗಳಂತೆ ಬರೆಯುವುದು. ಪ್ರತಿದಿನದ ಪುಟಗಳನ್ನು ದಿನಚರಿಯಲ್ಲಿ ಗುರುತುಹಾಕುತ್ತಿದ್ದನು. ವಾರಕ್ಕೆ ಸರಾಸರಿ 40 ಪುಟ, ಕಡಮೆಯೆಂದರೆ 20, ಹೆಚ್ಚೆಂದರೆ 112. ‘ಬಾರ್ಚೆಸ್ಟರ್ ಟವರ್ಸ್’ (1857) ಕಾದಂಬರಿಯ ಬಹುಭಾಗವನ್ನು ಇಲಾಖೆಯ ಕೆಲಸದ ಮೇಲೆ ರೈಲಿನಲ್ಲಿ ಓಡಾಡುವಾಗ ಸೀಸದಕಡ್ಡಿಯಿಂದ ಬರೆದನು. ಅವನ ಹೆಂಡತಿ ಅದನ್ನು ಶುದ್ಧಪ್ರತಿ ಮಾಡಿದಳು. ರಾಜಶೇಖರನ ಪಲ್ಲಕ್ಕಿಯೇ ಇಲ್ಲಿ ರೈಲುಗಾಡಿಯಾಗಿದೆ.

1883ರಲ್ಲಿ, ಅವನು ತೀರಿಕೊಂಡ ಮರುವರ್ಷ, ಈ ಸಂಗತಿಗಳು ಆತ್ಮಚರಿತ್ರೆಯ ಮೂಲಕ ಹೊರಬಿದ್ದಾಗ ಅವನ ಕೀರ್ತಿಗೆ ಕುಂದುಂಟಾಯಿತು. ಚಪ್ಪಲಿ ಹೊಲೆಯುವಂತೆ ಕಥೆ ಹೊಲೆದವನು ಕವಿಯೆಂತಾದಾನು ಎಂಬುದು ರಸಿಕರ ಮನೋಭಾವ. ಇಲ್ಲಿ ವಿಮರ್ಶೆಯು ಎರಡನ್ನು ಬೇರ್ಪಡಿಸಬೇಕಾಗಿದೆ. ಅಳತೆಯು ಹಾಲನ್ನು ಕರೆಯುವುದಿಲ್ಲ. ಕರೆದ ಹಾಲು ಚೆಲ್ಲದಂತೆ ಹಿಡಿಯುವ ಪಾತ್ರೆ ಮಾತ್ರ ಅದು. ಗಡಿಯಾರವು ಟ್ರಾಲಪನಿಗೆ ಪಾತ್ರಗಳನ್ನು ಕೊಡಲಿಲ್ಲ. ಅವುಗಳೊಡನೆ ದಿನವೂ ಕುಳಿತುಕೊಳ್ಳುವ ಅವಕಾಶವನ್ನು ಕೊಟ್ಟಿತು. ಅವನ ಕೆಲವು ಕಥೆಗಳಲ್ಲಿ ಶೈಥಿಲ್ಯವಿಲ್ಲವೆಂದಲ್ಲ. ನಡುನಡುವೆ ಪುಟ ತುಂಬಿಸಿದಂತೆ ಕಾಣುವ ಭಾಗಗಳುಂಟು. ಅದು ದಿನವೂ ಬರೆದುದರ ದೋಷವಲ್ಲ, ಬರೆದುದನ್ನು ಸಾಕಷ್ಟು ಒರೆಗೆ ಹಚ್ಚದುದರ ದೋಷ. ಮೊದಲ ಕರಡು ಮುಗಿದಿದ್ದರೆ ತಾನೇ ಇಂಥ ದೋಷಗಳನ್ನು ತಿದ್ದುವ ಮಾತು!

ಇನ್ನುಳಿದದ್ದು ಎಲ್ಲಕ್ಕಿಂತ ದೊಡ್ಡ ವಿಘ್ನವಾದ ಆತ್ಮಸಂಶಯ. ಅಮೆರಿಕದ ಜಾನ್ ಸ್ಟೈನ್‌ಬೆಕ್ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯನ್ನು 1938ರ ಮೇ ಕೊನೆಯಿಂದ ಅಕ್ಟೋಬರ್ 26ರವರೆಗೆ, ಐದು ತಿಂಗಳೊಳಗೆ ಬರೆದನು. ಆ ಕಾಲದಲ್ಲಿ ದಿನದಿನವೂ ಇಟ್ಟ ದಿನಚರಿಯು 1989ರಲ್ಲಿ ಪ್ರಕಟವಾಯಿತು. ಅದನ್ನು ಓದಿದವರಿಗೆ ಆಶ್ಚರ್ಯವಾಗುತ್ತದೆ: ನೆರೆಯ ಗದ್ದಲ, ಮನೆವಾರ್ತೆಯ ತೊಡಕು, ಬಂದುಹೋಗುವವರ ಕಾಟ ಇವುಗಳ ಜೊತೆಗೆ, ತನ್ನಿಂದ ಈ ಕೆಲಸವಾಗದು, ತಾನು ಲೇಖಕನೇ ಅಲ್ಲ ಎಂಬ ಶಂಕೆಯೂ ಮತ್ತೆ ಮತ್ತೆ ತಲೆದೋರುತ್ತದೆ. ಆದರೆ ಶಂಕೆಯನ್ನು ದಿನಚರಿಯಲ್ಲಿ ಬರೆದಿಟ್ಟು ಅವನು ಆ ದಿನದ ಪಾಲಿಗೆ ಕೈಹಾಕುತ್ತಾನೆ. 1939ರಲ್ಲಿ ಹೊರಬಂದ ಆ ಕೃತಿಗೆ ಮರುವರ್ಷ ಪುಲಿಟ್ಜರ್ ಪಾರಿತೋಷಕವೂ, ಅದರ ಕರ್ತೃವಿಗೆ 1962ರಲ್ಲಿ ನೊಬೆಲ್ ಪಾರಿತೋಷಕವೂ ಸಂದವು. ಬರೆಯುವಾಗ ಅವನಿಗಿದ್ದ ಸಂಶಯವು ಕೃತಿಯ ಯೋಗ್ಯತೆಯ ವಿಷಯದಲ್ಲಿ ಏನನ್ನೂ ಸಾಧಿಸಲಿಲ್ಲವೆಂದಾಯಿತು.

ಭರತಮುನಿಯ ಪರಿಭಾಷೆ ಇಲ್ಲಿ ಬೆಳಕು ಕೊಡುತ್ತದೆ. ಉತ್ಸಾಹವು ವೀರರಸದ ಸ್ಥಾಯಿಭಾವ. ನಿರ್ವೇದ, ಗ್ಲಾನಿ, ಶಂಕೆ, ಶ್ರಮ, ಆಲಸ್ಯ, ಚಿಂತೆ ಇವು 33 ವ್ಯಭಿಚಾರಿಭಾವಗಳಲ್ಲಿ ಸೇರಿದವು. ಅಲೆಗಳಂತೆ ಏಳುವುವು, ಅಡಗುವುವು. ಮೊದಲ ಪ್ರಕರಣವನ್ನು ಬರೆಯುವಾಗಿನ ಉಬ್ಬನ್ನೇ ಉತ್ಸಾಹವೆಂದು ತಿಳಿದವನು, ಆ ಉಬ್ಬು ಇಳಿದೊಡನೆ ಉತ್ಸಾಹವೇ ಹೋಯಿತೆಂದು ಭ್ರಮಿಸುತ್ತಾನೆ. ಇಳಿದದ್ದು ಹರ್ಷ; ಅದೂ ವ್ಯಭಿಚಾರಿಯೇ. ಉತ್ಸಾಹವೆಂದರೆ ಹರ್ಷವಿಲ್ಲದ ದಿನವೂ ಮಣೆಯ ಮೇಲೆ ಕುಳಿತು ಅಂದಿನ ಪಾಲನ್ನು ಬರೆದು ಏಳುವ ಸಂಕಲ್ಪ. ವಿಘ್ನಭಯದಿಂದ ತೊಡಗದವರು, ತೊಡಗಿ ವಿಘ್ನದಿಂದ ನಿಲ್ಲುವವರು, ಮತ್ತೆ ಮತ್ತೆ ವಿಘ್ನ ಬಂದರೂ ಬಿಡದವರು ಎಂದು ಭರ್ತೃಹರಿಯು ಮಾಡಿದ ಮೂರು ವರ್ಗಗಳಲ್ಲಿ ಪ್ರತಿಭೆಯ ಪ್ರಸ್ತಾಪವೇ ಇಲ್ಲದಿರುವುದು ಗಮನಾರ್ಹವಾಗಿದೆ.

ಹಾಗಾದರೆ ನಿಯಮವಿದ್ದ ಮಾತ್ರಕ್ಕೆ ಒಳ್ಳೆಯ ಕಾದಂಬರಿ ಆಗುವುದೇ ಎಂದರೆ, ಇಲ್ಲ. ಮುಗಿಸಿದ ಕೃತಿ ಸಾಧಾರಣವಾಗಿಯೂ ಇರಬಹುದು, ನೀರಸವಾಗಿಯೂ ಇರಬಹುದು. ಆದರೆ ಆ ತೀರ್ಪನ್ನು ಕೊಡಬೇಕಾದವರು ಸಹೃದಯರು. ಮುಗಿಯದ ಕೃತಿಯು ಅವರ ಸಭೆಗೆ ಬರುವುದೇ ಇಲ್ಲ. ತನ್ನ ಕೃತಿಯನ್ನು ಅರ್ಧದಲ್ಲಿಯೇ ಖಂಡಿಸಿ ಕೈಬಿಡುವ ಲೇಖಕನು ವಾದಿಯ ಮಾತು ಮುಗಿಯುವ ಮೊದಲೇ ತೀರ್ಪು ಬರೆದ ನ್ಯಾಯಾಧೀಶನಂತೆ. ಮೊದಲ ಕರಡಿಗೆ ಸೊಬಗು ಬೇಕಾಗಿಲ್ಲ, ಕೊನೆ ಬೇಕು. ಕೊನೆಯ ಪುಟವನ್ನು ಬರೆದ ಮೇಲೆ ನಾಲ್ಕನೆಯ ಯಾಮ ಬಂದೇ ಬರುತ್ತದೆ. ವಿವೇಚಿಸುವ ಕಣ್ಣು ಆಗ ತೆರೆಯಲಿ.