ಕಿಲ್ಟ್ ಮತ್ತು ಪರಂಪರೆಯ ‘ಆವಿಷ್ಕಾರ’

ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ ಸಂಪಾದಿಸಿದ ‘ದಿ ಇನ್ವೆನ್ಷನ್ ಆಫ್ ಟ್ರೆಡಿಷನ್’ (1983) ಗ್ರಂಥದಲ್ಲಿ ಹ್ಯೂ ಟ್ರೆವರ್-ರೋಪರ್ ಅವರು ಸ್ಕಾಟ್ಲೆಂಡಿನ ಹೈಲ್ಯಾಂಡ್ ಪರಂಪರೆಯನ್ನು ಬಹುಮಟ್ಟಿಗೆ ಆಧುನಿಕ ಸೃಷ್ಟಿಯೆಂದು ಪ್ರತಿಪಾದಿಸುತ್ತಾರೆ. ಗಿಡ್ಡ ಕಿಲ್ಟನ್ನು 18ನೆಯ ಶತಮಾನದಲ್ಲಿ ರೂಪಿಸಿದವನು ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣೋದ್ಯಮಿ ಎಂಬುದು ಅವರ ವಾದ. ಕುಲಕ್ಕೊಂದು ಟಾರ್ಟನ್ ಎಂಬ ಕಲ್ಪನೆಯ ಅರ್ವಾಚೀನತೆಯನ್ನು ಅವರು ಸಮರ್ಥವಾಗಿ ತೋರಿಸಿದ್ದಾರೆ. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ವಾಲ್ಟರ್ ಸ್ಕಾಟ್ ಏರ್ಪಡಿಸಿದ ವೈಭವವು ಆ ಕಲ್ಪನೆಗೆ ಇಂಬು ನೀಡಿತೆಂಬುದು ನಿಜ.

ಆದರೆ ಕಿಲ್ಟಿನ ವಿಷಯದಲ್ಲಿ ‘ಆವಿಷ್ಕಾರ’ ಎಂಬ ಪದ ಸಾಲದು. ಸೊಂಟಕ್ಕೆ ಬಿಗಿದು ಹೆಗಲಿಗೆ ಹೊದೆಯುತ್ತಿದ್ದ ಉದ್ದನೆಯ ಪ್ಲಾಯ್ಡ್ ಅದಕ್ಕಿಂತ ಹಳೆಯದೆಂದು ಅವರೂ ಒಪ್ಪುತ್ತಾರೆ. ಗಿಡ್ಡ ಕಿಲ್ಟ್ ಅದರ ರೂಪಾಂತರ. ಮೇಲಾಗಿ, ಜಾಕೊಬೈಟರ ಸೋಲಿನ ಬಳಿಕ ಬಂದ 1746ರ ಶಾಸನವು ಗಿಡ್ಡ ಕಿಲ್ಟನ್ನು ಹೆಸರಿಸಿಯೇ ನಿಷೇಧಿಸಿತು. ಅಂದರೆ ಆ ವೇಳೆಗಾಗಲೇ ಪ್ರಭುತ್ವದ ಕಣ್ಣಿಗೆ ಅದು ಹೈಲ್ಯಾಂಡಿಗರ ಗುರುತಾಗಿತ್ತು. ನಿಷೇಧ ರದ್ದಾದುದು 1782ರಲ್ಲಿ.

ಇನ್ನು ಬ್ಯಾಗ್‌ಪೈಪಿನ ಪೀಬ್ರಾಕ್ ಸಂಗೀತವು ಬಾಯಿಪಾಠದ ಸ್ವರಾಕ್ಷರಗಳ ಮೂಲಕ ಗುರುವಿನಿಂದ ಶಿಷ್ಯನಿಗೆ ದಾಟಿಬಂದುದು. ಉಡುಪಿನ ಇತಿಹಾಸದ ಅಳತೆಗೋಲು ಅದಕ್ಕೆ ಒಪ್ಪದು. ಪರಂಪರೆಯ ಕರ್ತೃ ಯಾರೆಂದು ಗುರುತಿಸಿದಲ್ಲಿಗೆ ವಿಮರ್ಶೆಯ ಕೆಲಸ ಮುಗಿಯುವುದಿಲ್ಲ. ಅದನ್ನು ಯಾರು, ಯಾವ ಬೆಲೆ ತೆತ್ತು ಉಳಿಸಿಕೊಂಡರು ಎಂಬುದನ್ನೂ ಅದು ಕೇಳಬೇಕಾಗುತ್ತದೆ.