ಗ್ಯಾಲರಿಯಲ್ಲಿ ಏಳುವ ಅಲೆ

ಟೆಸ್ಟ್ ಪಂದ್ಯದ ಮಧ್ಯಾಹ್ನ. ಟೀ ವಿರಾಮಕ್ಕೆ ಇನ್ನೂ ಹೊತ್ತಿದೆ. ವಿಕೆಟ್ ಬೀಳುತ್ತಿಲ್ಲ, ರನ್ನೂ ಬರುತ್ತಿಲ್ಲ. ಗ್ಯಾಲರಿಯ ಒಂದು ಮೂಲೆಯಲ್ಲಿ ಹುಡುಗರ ಗುಂಪೊಂದು ಹೋ ಎಂದು ಎದ್ದು, ಕೈಯೆತ್ತಿ, ಕೂರುತ್ತದೆ. ಪಕ್ಕದವರು ಅಲುಗುವುದಿಲ್ಲ. ಎರಡನೇ ಸಲವೂ ಅಷ್ಟೇ. ಮೂರನೇ ಸಲಕ್ಕೆ ಪಕ್ಕದ ಸ್ಟ್ಯಾಂಡೂ ಏಳುತ್ತದೆ, ಮೆಕ್ಸಿಕನ್ ವೇವ್ ಹೊರಟೇಬಿಡುತ್ತದೆ. ಚಿನ್ನಸ್ವಾಮಿಯಲ್ಲಾದರೂ ಮೆಲ್ಬರ್ನ್‌ನಲ್ಲಾದರೂ ಅದು ಹುಟ್ಟುವ ಬಗೆ ಇದೇ.

ಹೆಸರು ಮೆಕ್ಸಿಕೊದ್ದು, ಹುಟ್ಟೂರು ಅಮೆರಿಕ. 1981ರ ಅಕ್ಟೋಬರ್ 15ರಂದು ಓಕ್‌ಲ್ಯಾಂಡ್‌ನ ಬೇಸ್‌ಬಾಲ್ ಪಂದ್ಯದಲ್ಲಿ, ಡ್ರಮ್ ಬಡಿದು ಜನರನ್ನು ಹುರಿದುಂಬಿಸುತ್ತಿದ್ದ 'ಕ್ರೇಜಿ ಜಾರ್ಜ್' ಹೆಂಡರ್ಸನ್ ಇದನ್ನು ಎಬ್ಬಿಸಿದರು. ಅದೇ ತಿಂಗಳ ಕೊನೆಗೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈದಾನದಲ್ಲೂ ಅಲೆ ಎದ್ದಿತು. ಮೊದಲಿಗರು ತಾವೇ ಎಂದು ಅಲ್ಲಿನವರೂ ಹೇಳುತ್ತಾರೆ. ಮೆಕ್ಸಿಕೊದಲ್ಲಿ ನಡೆದ 1986ರ ಫುಟ್‌ಬಾಲ್ ವಿಶ್ವಕಪ್ಪನ್ನು ಟಿವಿಯಲ್ಲಿ ನೋಡಿದ ಜಗತ್ತು ಅದಕ್ಕೆ ಆ ದೇಶದ ಹೆಸರಿಟ್ಟಿತು.

ಇದನ್ನು ವಿಜ್ಞಾನಿಗಳು ಹಗುರವಾಗಿ ಕಾಣಲಿಲ್ಲ ಎಂಬುದೇ ಸಂತೋಷ. ಫಾರ್ಕಾಶ್, ಹೆಲ್ಬಿಂಗ್, ವಿಚೆಕ್ ಎಂಬ ಮೂವರು ದೊಡ್ಡ ಕ್ರೀಡಾಂಗಣಗಳ 14 ಅಲೆಗಳ ವಿಡಿಯೊ ಪರಿಶೀಲಿಸಿ, 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅಲೆ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ, ಸೆಕೆಂಡಿಗೆ ಸುಮಾರು 12 ಮೀಟರ್, ಅಂದರೆ 20 ಸೀಟುಗಳ ವೇಗದಲ್ಲಿ ಓಡುತ್ತದೆ. ಅದರ ಅಗಲ ಸುಮಾರು 15 ಸೀಟು. ಎಬ್ಬಿಸಲು ಒಬ್ಬಿಬ್ಬರು ಸಾಲದು, ಕೆಲವು ಡಜನ್ ಮಂದಿ ಬೇಕು.

ಕಡಲಿನ ಅಲೆಗೆ ಬಲ ಕೊಡುವುದು ಗಾಳಿ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ ಬಲವನ್ನು ತಾವೇ ಹಾಕುತ್ತಾರೆ. ಅದಕ್ಕೇ ಎದುರು ತುದಿ ಮುಟ್ಟಿದರೂ ಅದರ ಎತ್ತರ ಕುಗ್ಗುವುದಿಲ್ಲ. ಈಗಷ್ಟೇ ಕೂತವರು ಆ ಕ್ಷಣವೇ ಮತ್ತೆ ಏಳುವುದಿಲ್ಲವಾದ್ದರಿಂದ ಹಿಂದಕ್ಕೂ ಹೊರಳುವುದಿಲ್ಲ. ಹೃದಯದ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಹರಡುವುದಕ್ಕೂ, ಕಾಡಿನಲ್ಲಿ ಬೆಂಕಿ ಮುಂದುವರಿಯುವುದಕ್ಕೂ ಬಳಸುವ ಗಣಿತವನ್ನೇ ಆ ಮೂವರು ಇದಕ್ಕೂ ಹೊಂದಿಸಿದರು.

ಆಟ ಬಿಸಿಯೇರಿದಾಗ ಯಾರಿಗೂ ಅಲೆ ನೆನಪಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅದು ಮಂದ ಹೊತ್ತಿನಲ್ಲಿ ಪ್ರೇಕ್ಷಕರು ತಾವೇ ಕಟ್ಟುವ ಆಟ. ನೋಡಲು ಮೇಲಂತಸ್ತಿನ ಸೀಟೇ ಸರಿ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಅಲೆ ಕ್ಲಬ್ ಸದಸ್ಯರ ಸ್ಟ್ಯಾಂಡಿಗೆ ಬಂದರೆ ಅಲ್ಲಿ ಹೆಚ್ಚಿನವರು ಏಳುವುದಿಲ್ಲ, ಉಳಿದ ಮೈದಾನವೆಲ್ಲ ಅವರತ್ತ ಕೂಗುತ್ತದೆ. ಆ ಕೂಗಾಟವೂ ಆಟದ ಭಾಗವೇ ಆಗಿಹೋಗಿದೆ. ಅಲೆಯ ಜತೆ ಜನ ಲೋಟ, ಬಾಟಲಿ ಎಸೆಯುತ್ತಾರೆಂದು 2007ರಲ್ಲಿ ಕ್ರಿಕೆಟ್ ಆಸ್ಟ್ರೇಲಿಯಾ ಅದನ್ನೇ ನಿಷೇಧಿಸಿತು. ಎಸೆದವರನ್ನಷ್ಟೇ ಹೊರಗೆ ಕಳಿಸಿದ್ದರೆ ಸಾಕಿತ್ತು.